ಹಳೇ ಯಂತ್ರದಲ್ಲಿ ಸಿಕ್ಕಿಬಿದ್ದ ಕನ್ನಡವನ್ನು ಬಿಡಿಸೋಣ!

(ಬೆಂಗಳೂರಿನಲ್ಲಿ ಕನ್ನಡ ಯುವಕರ ಸಭೆಯೊಂದರಲ್ಲಿ ಬಳ್ಳಾರಿ ಜಿಲ್ಲೆ ಸಿರುಗುಪ್ಪ ತಾಲ್ಲೂಕು ರಾರಾವಿಯ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ಅಂಗಡಿ ಬೋರ್ಡಿನಲ್ಲಿ ಕನ್ನಡ ಎಲ್ಲಿ ಎಂದು ನೀವು ಕೇಳುತ್ತೀರಿ. ಬ್ಯಾಂಕಿನ ಚಲನ್ನಿನಲ್ಲಿ ಕನ್ನಡ ಎಲ್ಲಿ ಎಂದು ಕೇಳುತ್ತೀರಿ. ಕೇಳಬೇಕು, ಕೇಳಲೇಬೇಕು. ಇವತ್ತು ನಾನು ಇನ್ನೊಂದು ಪ್ರಶ್ನೆ ತಂದಿದ್ದೇನೆ. ಬೋರ್ಡನ್ನೇ ಕಾಣಲಾರದ ಕನ್ನಡಿಗನಿಗೆ ಕನ್ನಡ ಎಲ್ಲಿ? ಅವನು ಓದುವುದು ಬೆರಳ ತುದಿಯಿಂದ. ಅವನಿಗಾಗಿ ವರ್ಷಗಟ್ಟಲೆ ಕೂತು ಟೈಪು ಮಾಡಿದ ಕನ್ನಡ ಎಷ್ಟೋ ಕಡೆ ಹಳೇ ಕಂಪ್ಯೂಟರುಗಳ ಹೊಟ್ಟೆಯಲ್ಲಿ, ಬೂಷ್ಟು ಹಿಡಿದ ಫ್ಲಾಪಿಗಳಲ್ಲಿ ಸಿಕ್ಕಿಬಿದ್ದಿದೆ. ಅದನ್ನು ಬಿಡಿಸಿ ತರುವ ದಾರಿ ಇದೆ. ಆ ದಾರಿಯ ಮಾತು ಆಡಲು ಬಂದಿದ್ದೇನೆ.

ನಾನು ದೊಡ್ಡ ಓದು ಓದಿದವನಲ್ಲ. ಪಿಯುಸಿಗೆ ನಿಲ್ಲಿಸಿದೆ. ನಮ್ಮ ರಾರಾವಿ ಆಂಧ್ರದ ಗಡಿಯಲ್ಲಿದೆ. ಆದೋನಿ ನಮಗೆ ನೆರೆಮನೆ. 1953ರ ಅಕ್ಟೋಬರಿನಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು, ಆದೋನಿ ಆಂಧ್ರಕ್ಕೆ ಹೋಯಿತು. ಬೀಗತನ ಮಾತ್ರ ನಿಲ್ಲಲಿಲ್ಲ. ಅದಕ್ಕೇ ನನ್ನ ಪ್ರೆಸ್ಸಿನಲ್ಲಿ ಒಂದೇ ಮದುವೆಗೆ ಎರಡು ಲಗ್ನಪತ್ರಿಕೆ. ಹೆಣ್ಣಿನ ಕಡೆಗೆ ಕನ್ನಡ, ಗಂಡಿನ ಕಡೆಗೆ ತೆಲುಗು. ಟ್ರೆಡಲ್ ಯಂತ್ರದಲ್ಲಿ ಮೊಳೆ ಜೋಡಿಸುವುದನ್ನು ಕಲಿತು, ಆಮೇಲೆ ಡಿಟಿಪಿಗೆ ಬಂದವನು ನಾನು. ಹಾಗಾಗಿ ಲಿಪಿಯ ಕಷ್ಟ ಸುಖ ಸ್ವಲ್ಪ ಗೊತ್ತು.

ಮೊದಲು ಬ್ರೈಲ್ ಅಂದರೇನು ನೋಡೋಣ. ಫ್ರಾನ್ಸಿನ ಲೂಯಿ ಬ್ರೈಲ್ 1809ರಲ್ಲಿ ಹುಟ್ಟಿದ. ಚಿಕ್ಕಂದಿನಲ್ಲೇ ಕಣ್ಣು ಹೋಯಿತು. ಹದಿನೈದರ ವಯಸ್ಸಿಗೆ ಈ ಲಿಪಿ ಕಟ್ಟಿದ. ಒಂದು ಪುಟ್ಟ ಮನೆ, ಅದರಲ್ಲಿ ಆರು ಚುಕ್ಕಿ. ಎಡಗಡೆ ಮೇಲಿಂದ ಕೆಳಗೆ 1, 2, 3. ಬಲಗಡೆ 4, 5, 6. ಯಾವ ಚುಕ್ಕಿ ಉಬ್ಬಿದೆ, ಯಾವುದು ಇಲ್ಲ ಎನ್ನುವುದೇ ಅಕ್ಷರ. ಖಾಲಿ ಮನೆಯನ್ನೂ ಸೇರಿಸಿದರೆ ಒಟ್ಟು 64 ಬಗೆ. ಸ್ಲೇಟು, ಮೊನೆಕಡ್ಡಿ ಹಿಡಿದು ಬರೆಯುವಾಗ ಬಲದಿಂದ ಎಡಕ್ಕೆ ತಿರುಗುಮುರುಗಾಗಿ ಚುಚ್ಚಬೇಕು. ಹಾಳೆ ಮಗುಚಿದರೆ ಸರಿಯಾಗಿ ಓದಿಸಿಕೊಳ್ಳುತ್ತದೆ. ನಮ್ಮ ಮೊಳೆಯ ಅಕ್ಷರವೂ ತಿರುಗುಮುರುಗೇ ಅಲ್ಲವೇ! ನನಗೆ ಬ್ರೈಲ್ ಮೊದಲ ನೋಟಕ್ಕೇ ನಮ್ಮ ಕಸುಬಿನ ನೆಂಟನಂತೆ ಕಂಡಿತು.

ನಮ್ಮ ದೇಶದಲ್ಲಿ ಮೊದಲು ಒಂದೊಂದು ಕಡೆ ಒಂದೊಂದು ಬ್ರೈಲ್ ಇತ್ತು. ಒಬ್ಬರ ಪುಸ್ತಕ ಇನ್ನೊಬ್ಬರ ಬೆರಳಿಗೆ ಹತ್ತುತ್ತಿರಲಿಲ್ಲ. 1951ರಲ್ಲಿ ಭಾರತಿ ಬ್ರೈಲ್ ಎಂಬ ಒಂದೇ ವ್ಯವಸ್ಥೆ ಒಪ್ಪಿಗೆಯಾಯಿತು. ಅದೇ ವರ್ಷ ಡೆಹರಾಡೂನಿನಲ್ಲಿ ಕೇಂದ್ರ ಬ್ರೈಲ್ ಮುದ್ರಣಾಲಯ ಶುರುವಾಯಿತು. ಈ ವ್ಯವಸ್ಥೆಯಲ್ಲಿ ಕನ್ನಡದ ‘ಕ’, ತೆಲುಗಿನ ‘ಕ’, ಹಿಂದಿಯ ‘ಕ’ ಮೂರಕ್ಕೂ ಒಂದೇ ಗುರುತು, 1 ಮತ್ತು 3ನೇ ಚುಕ್ಕಿ. ನಮ್ಮ ಗಡಿಯಲ್ಲಿ ಕಣ್ಣಿಗೆ ಎರಡು ಲಿಪಿ, ಬೆರಳಿಗೆ ಒಂದೇ.

ಹಾಗಾದರೆ ಅಲ್ಲಿ ಕನ್ನಡತನ ಎಲ್ಲಿ ಉಳಿಯಿತು ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ‘ಬೆಳೆ’ ಬೇರೆ, ‘ಬೇಳೆ’ ಬೇರೆ. ‘ಕೊಡು’ ಬೇರೆ, ‘ಕೋಡು’ ಬೇರೆ. ಎಕಾರ ಏಕಾರಗಳ, ಒಕಾರ ಓಕಾರಗಳ ಈ ಭೇದ ಹಿಂದಿಯ ಅಕ್ಷರಮಾಲೆಯಲ್ಲಿಲ್ಲ. ನಮಗೆ ಇದೆ, ನಮ್ಮ ತೆಲುಗು ತಮಿಳು ಅಣ್ಣತಮ್ಮಂದಿರಿಗೂ ಇದೆ. ಬ್ರೈಲಿನಲ್ಲಿ ‘ಏ’ ಅಂದರೆ 1 ಮತ್ತು 5. ‘ಎ’ ಅಂದರೆ 2 ಮತ್ತು 6. ಅದೇ ಓರೆ ಜೋಡಿ ಒಂದು ಮೆಟ್ಟಿಲು ಕೆಳಗೆ ಇಳಿದಿದೆ, ಅಷ್ಟೇ. ಆ ಒಂದು ಮೆಟ್ಟಿಲಿನಲ್ಲಿ ಕನ್ನಡ ಇದೆ! ಆ ಮೆಟ್ಟಿಲು ತಪ್ಪಿದರೆ ರೈತನ ಬೆಳೆ ಬೇಳೆಯಾಗುತ್ತದೆ.

ಈಗ ಯಂತ್ರಕ್ಕೆ ಬರೋಣ. ಟೈಪು ಮಾಡಿದ ಬರಹವನ್ನು ಬ್ರೈಲ್ ಚುಕ್ಕಿಗಳಿಗೆ ತಿರುಗಿಸುವ ತಂತ್ರಾಂಶಕ್ಕೆ ಬ್ರೈಲ್ ಅನುವಾದಕ ಎನ್ನುತ್ತಾರೆ. ಇಲ್ಲಿ ಭಾಷೆ ಬದಲಾಗುವುದಿಲ್ಲ, ಲಿಪಿ ಮಾತ್ರ ಬದಲಾಗುತ್ತದೆ. ಅಮೆರಿಕದಲ್ಲಿ 1960ರ ದಶಕದಲ್ಲೇ ಕೋಣೆ ತುಂಬುವ ಐಬಿಎಂ ಯಂತ್ರಗಳಿಂದ ಈ ಕೆಲಸ ತೆಗೆದರು. 1970ರ ದಶಕದಲ್ಲಿ ಡಕ್ಸ್‌ಬರಿ ಎಂಬ ಕಂಪನಿ ಹುಟ್ಟಿತು. 1980ರ ದಶಕದಲ್ಲಿ ಮನೆಯ ಮೇಜಿನ ಮೇಲಿನ ಆಪಲ್ 2 ಕಂಪ್ಯೂಟರಿಗೆ ಬ್ರೈಲ್ ಎಡಿಟ್ ಎಂಬ ತಂತ್ರಾಂಶ ಬಂತು. ಆಮೇಲೆ ಡಾಸ್ ಕಾಲ. ತಂತ್ರಾಂಶ ಕೊಟ್ಟ ಚುಕ್ಕಿಗಳನ್ನು ದಪ್ಪ ಕಾಗದದ ಮೇಲೆ ಉಬ್ಬಿಸುವ ಯಂತ್ರಕ್ಕೆ ಎಂಬೋಸರ್ ಎಂದು ಹೆಸರು. ನಾವು ಪುಸ್ತಕಕ್ಕೆ ಹಾಕುವ 70 ಜಿಎಸ್‌ಎಂ ಕಾಗದ ಇದಕ್ಕೆ ಆಗದು, 140 ರಿಂದ 160 ಜಿಎಸ್‌ಎಂ ಬೇಕು. ಒಂದು ಪುಟಕ್ಕೆ ಸುಮಾರು 40 ಮನೆಗಳ 25 ಸಾಲು. ಅಂದರೆ ಸಾವಿರ ಮನೆ, ಅಷ್ಟೇ. ನಮ್ಮ ಒಂದು ತೆಳು ಪುಸ್ತಕ ಅವರಿಗೆ ದಪ್ಪ ಸಂಪುಟ.

ನಮ್ಮ ಭಾಗದ ಒಂದು ಅಂಧರ ಶಾಲೆ. ಹೆಸರು ಬೇಡ, ಕಥೆ ಎಷ್ಟೋ ಶಾಲೆಗಳದ್ದು. ಅಲ್ಲಿಯ ಕನ್ನಡ ಮಾಸ್ತರಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಪಾಠ, ವ್ಯಾಕರಣ, ಗಾದೆ, ಮಕ್ಕಳ ಕಥೆ ಎಲ್ಲವನ್ನೂ ಹತ್ತು ವರ್ಷ ಕೂತು ಒಬ್ಬ ಗುಮಾಸ್ತರ ಕೈಯಲ್ಲಿ ಟೈಪು ಮಾಡಿಸಿದ್ದರು. ಡಾಸ್ ಕಾಲದ ಒಂದು ಬ್ರೈಲ್ ತಂತ್ರಾಂಶ, ಎರಡು ಡಬ್ಬಿ ಫ್ಲಾಪಿ. ಎಂಬೋಸರ್ ಕಬ್ಬಿಣದಂಥದ್ದು, ಇವತ್ತಿಗೂ ಟಕಟಕ ಓಡುತ್ತದೆ. ಕಂಪ್ಯೂಟರ್ ಮಾತ್ರ ಕಣ್ಣು ಮುಚ್ಚಿತು. ದಾನಿಗಳು ಹೊಸದನ್ನು ಕೊಟ್ಟರು. ಹೊಸದು ಹಳೇ ತಂತ್ರಾಂಶವನ್ನು ಬಾಗಿಲಲ್ಲೇ ತಡೆಯಿತು. ಕಾರಣ ಸರಳ. ಡಾಸ್ ಕಾಲದ ತಂತ್ರಾಂಶ 16 ಬಿಟ್ಟಿನದು. 64 ಬಿಟ್ ವಿಂಡೋಸ್ ಅದನ್ನು ಓಡಿಸುವುದೇ ಇಲ್ಲ. 2021ರಲ್ಲಿ ಬಂದ ವಿಂಡೋಸ್ 11 ಅಂತೂ 64 ಬಿಟ್ಟಿನಲ್ಲಷ್ಟೇ ಬಂತು. ಎಂಬೋಸರ್ ತಂತಿ ಚುಚ್ಚುವ ಹಳೇ ಸೀರಿಯಲ್ ಪೋರ್ಟ್ ಕೂಡ ಹೊಸ ಯಂತ್ರದ ಬೆನ್ನ ಮೇಲೆ ಇರಲಿಲ್ಲ. ಒಬ್ಬ ಮನುಷ್ಯನ ಹತ್ತು ವರ್ಷದ ಕನ್ನಡ ಡಬ್ಬಿಯೊಳಗೆ ಉಳಿಯಿತು. ಹಳೇ ಡಿಟಿಪಿ ಯಂತ್ರಗಳನ್ನು ಇನ್ನೂ ಓಡಿಸುವವನು ಎಂದು 2022ರಲ್ಲಿ ನನಗೆ ಕರೆ ಬಂತು.

ಇಲ್ಲಿ ಕೆಲಸಕ್ಕೆ ಬಂದದ್ದು ಎಮ್ಯುಲೇಟರ್. ಹಾಗಂದರೇನು? ನಮ್ಮ ಬಳ್ಳಾರಿ ಕಡೆ ಹಗಲುವೇಷದವರು ಬರುತ್ತಾರೆ. ರಾಮನ ವೇಷ ಹಾಕಿ ಓಣಿಗೆ ಬಂದರೆ ಅಜ್ಜಿ ನಿಜವಾದ ರಾಮನೇ ಬಂದನೆಂದು ಕೈ ಮುಗಿಯುತ್ತಾಳೆ. ಎಮ್ಯುಲೇಟರ್ ಮಾಡುವುದೂ ಅದನ್ನೇ. ಅದು ಹೊಸ ಕಂಪ್ಯೂಟರಿಗೆ ಹಳೇ ಕಂಪ್ಯೂಟರಿನ ವೇಷ ಹಾಕುತ್ತದೆ. ಹಳೇ ತಂತ್ರಾಂಶ ಅದನ್ನು ನಂಬಿ ಕೆಲಸ ಶುರು ಮಾಡುತ್ತದೆ. ಡಾಸ್ ವೇಷಕ್ಕೆ ಡಾಸ್‌ಬಾಕ್ಸ್ ಇದೆ. 2002ರಿಂದ ಬಿಟ್ಟಿಯಾಗಿ ಸಿಗುತ್ತಿದೆ. ಮಾಡಿದವರು ಹಳೇ ಕಂಪ್ಯೂಟರ್ ಆಟಗಳನ್ನು ಮತ್ತೆ ಆಡಬೇಕೆಂಬ ಆಸೆಯಿಂದ ಮಾಡಿದರು. ಆಟದ ಹುಡುಗರು ಮಾಡಿದ್ದು ಅಂಧ ಮಕ್ಕಳ ಪಾಠಕ್ಕೆ ಬಂತು! ವಿಂಡೋಸ್ ಎಕ್ಸ್‌ಪಿ ಕಾಲದ ತಂತ್ರಾಂಶಕ್ಕಾದರೆ ವರ್ಚುವಲ್‌ಬಾಕ್ಸ್ ಇದೆ. ಅದು ಯಂತ್ರದೊಳಗೆ ಇನ್ನೊಂದು ಯಂತ್ರ ಕೂರಿಸುತ್ತದೆ.

ನಾವು ಮಾಡಿದ್ದನ್ನು ಹೇಳುತ್ತೇನೆ, ನಿಮ್ಮ ಊರಿನಲ್ಲಿ ಬೇಕಾದೀತು.

ಮೊದಲು ಫ್ಲಾಪಿಗಳ ನಕಲು. ಫ್ಲಾಪಿಯ ಮೂಲೆಯ ಪುಟ್ಟ ಕಿಟಕಿ ತೆರೆದಿಟ್ಟರೆ ಅದರ ಮೇಲೆ ಏನೂ ಬರೆಯಲಾಗದು. ಹಾಗೆ ಕಾಪಾಡಿಕೊಂಡು, ಯುಎಸ್‌ಬಿಗೆ ಚುಚ್ಚುವ ಫ್ಲಾಪಿ ಡ್ರೈವಿನಿಂದ ಇಡೀ ಫ್ಲಾಪಿಯ ಪಡಿಯಚ್ಚು ತೆಗೆದುಕೊಂಡೆವು. ಮೂಲವನ್ನು ಮತ್ತೆ ಮುಟ್ಟಲಿಲ್ಲ. ಎರಡನೆಯದು, ಶಾಲೆಯೇ ಕೊಂಡಿದ್ದ ಆ ತಂತ್ರಾಂಶವನ್ನು ಒಂದು ಫೋಲ್ಡರಿಗೆ ಹಾಕಿ, ಇದೇ ನಿನ್ನ ಸಿ ಡ್ರೈವ್ ಎಂದು ಡಾಸ್‌ಬಾಕ್ಸಿಗೆ ಹೇಳಿದೆವು. ಮೂರನೆಯದು, ಯುಎಸ್‌ಬಿಯಿಂದ ಸೀರಿಯಲ್ಲಿಗೆ ತಿರುಗಿಸುವ ಕೇಬಲ್. ಕೆಲವು ನೂರು ರೂಪಾಯಿಯ ಸಾಮಾನು. ಡಾಸ್‌ಬಾಕ್ಸಿನ ಸಂಯೋಜನೆ ಫೈಲಿನಲ್ಲಿ ಆ ಕೇಬಲ್ಲಿನ ಪೋರ್ಟ್ ಹೆಸರು ಬರೆದರೆ ಹಳೇ ತಂತ್ರಾಂಶ ನೇರ ಎಂಬೋಸರ್ ಜೊತೆ ಮಾತಾಡುತ್ತದೆ. ವೇಗವನ್ನು ಎರಡೂ ಕಡೆ ಒಂದೇ ಇಡಬೇಕು, ಇಲ್ಲವಾದರೆ ಕಸ ಬರುತ್ತದೆ.

ಎಂಬೋಸರ್ ಓಡಿತು. ಹಾಳೆ ಮಾಸ್ತರ ಕೈಗೆ ಹೋಯಿತು. ಅವರ ಬೆರಳು ಎರಡು ಸಾಲು ಓಡಿ ನಿಂತಿತು. ‘ಏನ್ರೀ ಪ್ರೆಸ್ಸಿನವರೇ, ಇಲ್ಲಿ ಎಲ್ಲರೂ ರಾಗ ಎಳೆದು ಮಾತಾಡ್ತಿದಾರಲ್ರೀ! ರೈತನ ಬೆಳೆ ಬೇಳೆ ಆಗಿಬಿಟ್ಟೈತಿ, ಕೊಡು ಅನ್ನೋದು ಕೋಡು ಆಗೈತಿ’ ಎಂದರು. ಹುಡುಕಿದೆವು. ತಂತ್ರಾಂಶದ ಆಯ್ಕೆಗಳನ್ನು ಬರೆದಿಟ್ಟ ಫೈಲು ಕೆಟ್ಟ ಫ್ಲಾಪಿಯೊಂದರಲ್ಲಿ ಹಾಳಾಗಿತ್ತು. ಯಾವ ಭಾಷೆ ಎಂದು ಹೇಳದಿದ್ದರೆ ಹಿಂದಿ ಎಂದೇ ಹಿಡಿದುಕೊಳ್ಳುವ ತಂತ್ರಾಂಶ ಅದು! ಎಕಾರವೆಲ್ಲ ಏಕಾರ, ಒಕಾರವೆಲ್ಲ ಓಕಾರ. ಪಟ್ಟಿಯಲ್ಲಿ ಕನ್ನಡ ಆರಿಸಿದ ಮೇಲೆ ಮಾಸ್ತರ ಬೆರಳು ಮತ್ತೆ ಓಡತೊಡಗಿತು.

ಗಮನಿಸಿ ಗೆಳೆಯರೇ. ನಾವು ಕಣ್ಣಿದ್ದವರು ಹತ್ತು ಸಲ ನೋಡಿದರೂ ಆ ತಪ್ಪು ಸಿಗುತ್ತಿರಲಿಲ್ಲ. ಕಂಡುಹಿಡಿದದ್ದು ಓದುವ ಬೆರಳು. ಎಮ್ಯುಲೇಟರ್ ಹಳೇ ಯಂತ್ರದ ಗುಣವನ್ನೂ ಉಳಿಸುತ್ತದೆ, ಅದರ ಕುತ್ತನ್ನೂ ಉಳಿಸುತ್ತದೆ. ಆದ್ದರಿಂದ ಯಾವ ಬ್ರೈಲ್ ತಂತ್ರಾಂಶವೇ ಇರಲಿ, ಹಳೆಯದಿರಲಿ ಹೊಸದಿರಲಿ, ಮೊದಲು ಬೆಳೆ ಬೇಳೆ, ಕೊಡು ಕೋಡು ಕೊಟ್ಟು ನೋಡಿ. ಆಮೇಲೆ ‘ಕನ್ನಡ’ ಕೊಡಿ. ಕ, ಆಮೇಲೆ 4ನೇ ಚುಕ್ಕಿ, ಆಮೇಲೆ ಎರಡು ನ, ಕೊನೆಗೆ ಡ. ಐದು ಮನೆ ಬರಬೇಕು. ಆ 4ನೇ ಚುಕ್ಕಿಯೇ ಒತ್ತಕ್ಷರದ ಸೂಚನೆ. ಪ್ರೂಫ್ ನೋಡುವ ಕೆಲಸ ಮಾತ್ರ ಬ್ರೈಲ್ ಬಲ್ಲವರಿಗೇ ಕೊಡಿ, ಕೂಲಿಯನ್ನೂ ಕೊಡಿ.

ಹಾಗಾದರೆ ಎಮ್ಯುಲೇಟರ್ ಸಿಕ್ಕಿತು, ಇನ್ನು ನಿಶ್ಚಿಂತೆಯೇ? ಅಲ್ಲ! ಎರಡು ಕಾರಣ. ಒಂದು, ಕೆಲವು ಫ್ಲಾಪಿಗಳು ಓದಲೇ ಇಲ್ಲ. ಯಂತ್ರದ ವೇಷ ಹಾಕಬಹುದು, ಅಳಿದ ಅಕ್ಷರಕ್ಕೆ ವೇಷ ಇಲ್ಲ. ಮಾಸ್ತರ ಕೆಲವು ಕಥೆಗಳು ಹೋದವು, ಹೋದವೇ. ಎರಡನೆಯದು ಇನ್ನೂ ಮುಖ್ಯ. ಇವತ್ತು ಅಂಧರು ಕಂಪ್ಯೂಟರ್ ಬಳಸುವುದು ಪರದೆ ಓದುವ ತಂತ್ರಾಂಶದಿಂದ. ಎನ್‌ವಿಡಿಎ ಎಂಬುದು ಬಿಟ್ಟಿ ಸಿಗುತ್ತದೆ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಅದನ್ನು ಶುರುಮಾಡಿದವರೂ ಕಣ್ಣಿಲ್ಲದವರೇ. ಆದರೆ ಡಾಸ್‌ಬಾಕ್ಸಿನ ಪರದೆ ಅದಕ್ಕೆ ಬರೀ ಚಿತ್ರ. ಒಳಗಿನ ಒಂದಕ್ಷರವೂ ಅದಕ್ಕೆ ಕೇಳಿಸದು. ಅಂದರೆ ಮಾಸ್ತರು ತಮ್ಮದೇ ಪಾಠವನ್ನು ತಾವೇ ತೆಗೆಯಲಾರರು. ಪಕ್ಕದಲ್ಲಿ ಕಣ್ಣಿದ್ದವನೊಬ್ಬ ಕೂರಬೇಕು. ಇನ್ನೊಬ್ಬರ ಹಂಗಿನಲ್ಲಿ ಓದುವುದೂ ಒಂದು ಓದೇ? ಎಮ್ಯುಲೇಟರ್ ಹೊಳೆ ದಾಟಿಸುವ ಹರಿಗೋಲು. ಹರಿಗೋಲಿನಲ್ಲೇ ಮನೆ ಕಟ್ಟಬಾರದು.

ದಾಟಿ ಎಲ್ಲಿಗೆ ಹೋಗಬೇಕು? ಎಲ್ಲರಿಗೂ ಸೇರಿದ ಸಂಕೇತಕ್ಕೆ. ಇದೇ ನನ್ನ ಇವತ್ತಿನ ಮುಖ್ಯ ಮಾತು. ಮಾಸ್ತರ ಫೈಲುಗಳು ಇಸ್ಕಿ ಸಂಕೇತದಲ್ಲಿದ್ದವು. 1991ರಲ್ಲಿ ಭಾರತೀಯ ಮಾನಕವಾದದ್ದು ಅದು. ಯಾವ ಕಂಪನಿಯ ಸ್ವತ್ತೂ ಅಲ್ಲ. ಯೂನಿಕೋಡಿನಲ್ಲಿ ಕನ್ನಡದ ಜೋಡಣೆಯೂ ಇಸ್ಕಿಯ ಅಡಿಪಾಯದ ಮೇಲೇ ಬಂತು. ಹಾಗಾಗಿ ಫೈಲು ಕೈಗೆ ಸಿಕ್ಕ ಕೂಡಲೇ ಯೂನಿಕೋಡಿಗೆ ತಿರುಗಿಸುವುದು ಕಷ್ಟವಾಗಲಿಲ್ಲ. ಆ ತಂತ್ರಾಂಶ ಎಂಬೋಸರಿಗೆಂದು ಕಟ್ಟಿಟ್ಟ ಬ್ರೈಲ್ ಫೈಲುಗಳೂ ಹಾಗೇ. 64 ಬಗೆಯ ಮನೆಗಳಿಗೆ 64 ಇಂಗ್ಲಿಷ್ ಕೀಲಿಗಳನ್ನು ಗೊತ್ತು ಮಾಡಿದ ಹಳೇ ಒಪ್ಪಂದ ಒಂದಿದೆ. ಅದರಲ್ಲಿ ‘ಕನ್ನಡ’ ಅಂದರೆ ಕೆ, ಆಮೇಲೆ ಅಟ್ ಚಿಹ್ನೆ, ಎರಡು ಎನ್, ಒಂದು ಡಾಲರ್ ಚಿಹ್ನೆ. ನೋಡಲು ವಿಚಿತ್ರ. ಆದರೆ ಹಾಗೆ ಕಟ್ಟಿಟ್ಟ ಫೈಲನ್ನು ಹಳೇ ಎಂಬೋಸರೂ ಓದುತ್ತದೆ, ಹೊಸದೂ ಓದುತ್ತದೆ.

ಈಗ ನಮ್ಮ ಮುದ್ರಣದ ಕನ್ನಡ ನೋಡಿ. ನನ್ನ ಪ್ರೆಸ್ಸಿನ ಹಳೇ ಫೈಲುಗಳಲ್ಲಿ ‘ಕನ್ನಡ’ ಎಂದು ಪರದೆಯ ಮೇಲೆ ಕಾಣುತ್ತದೆ. ಫಾಂಟ್ ತೆಗೆದರೆ ಒಳಗಿರುವುದು ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಗೀಟಿರುವ ಎ, ಒಂದು ಪೌಂಡ್ ಚಿಹ್ನೆ, ಮತ್ತೆ ಎ, ಒಂದು ಜರ್ಮನ್ ಅಕ್ಷರ, ಕ್ಯೂ, ಮತ್ತೆ ಎ! ಕನ್ನಡ ಎಲ್ಲಿದೆ ಅದರಲ್ಲಿ? ಅಕ್ಷರದ ಚೂರುಗಳ ಚಿತ್ರ ಇದೆ, ಅಕ್ಷರ ಇಲ್ಲ. ಇದನ್ನು ಬ್ರೈಲ್ ಅನುವಾದಕಕ್ಕೆ ಕೊಟ್ಟರೆ ಅದು ಪಿ, ಪೌಂಡ್ ಎಂದೇ ಚುಕ್ಕಿ ಹೊಡೆಯುತ್ತದೆ. ‘ಕರ್ಮ’ ಎಂಬಲ್ಲಿ ನಾವು ಅರ್ಕಾವೊತ್ತನ್ನು ಮಕಾರದ ಆಚೆ ಇಡುತ್ತೇವೆ. ಬ್ರೈಲಿನಲ್ಲಿ ರಕಾರ ಕಿವಿಗೆ ಕೇಳುವ ಜಾಗದಲ್ಲೇ, ಮಕಾರಕ್ಕೆ ಮೊದಲೇ ಬರಬೇಕು. ಯೂನಿಕೋಡಿನಲ್ಲೂ ಅದೇ ಕ್ರಮ. ಪರಿವರ್ತಕ ತಂತ್ರಾಂಶ ಆ ರಕಾರವನ್ನು ಹಿಂದಕ್ಕೆ ಎಳೆದು ತರಬೇಕು. ಕನ್ನಡದ ಹುಡುಗರು ಅಂಥ ಪರಿವರ್ತಕಗಳನ್ನು ಬರೆದು ಎಲ್ಲರಿಗೂ ಬಿಟ್ಟಿದ್ದಾರೆ, ಅವರಿಗೆ ಶರಣು.

1990ರ ದಶಕದಿಂದ ಈಚೆಗೆ ನಮ್ಮಂಥ ಸಣ್ಣ ಪ್ರೆಸ್ಸುಗಳಲ್ಲಿ ಹೀಗೆ ಚೂರುಚೂರಾಗಿ ಕೂತ ಕನ್ನಡ ರಾಶಿ ರಾಶಿ ಇದೆ. ಊರಿನ ಚರಿತ್ರೆ, ಜಾತ್ರೆಯ ಸಂಚಿಕೆ, ಶಾಲೆಯ ನೂರರ ನೆನಪಿನ ಹೊತ್ತಗೆ, ಹಳ್ಳಿಯ ಕವಿಯ ಮೊದಲ ಪುಸ್ತಕ. ಅದನ್ನು ತೆರೆಯುವ ಹಳೇ ತಂತ್ರಾಂಶಕ್ಕೆ ಹಳೇ ಪ್ರಿಂಟರ್ ಪೋರ್ಟಿನಲ್ಲಿ ಚುಚ್ಚುವ ಬೀಗ ಬೇರೆ. ಆ ಪೋರ್ಟೂ ಹೊಸ ಯಂತ್ರಗಳಲ್ಲಿಲ್ಲ. ಇವತ್ತು ಕಣ್ಣಿಲ್ಲದವನಿಗೆ ಬಂದ ಕಷ್ಟ ನಾಳೆ ಕಣ್ಣಿದ್ದವನಿಗೂ ಬರುತ್ತದೆ. ಅವನು ನಮಗಿಂತ ಮುಂಚೆ ಬಾಗಿಲಿಗೆ ಬಂದ, ಅಷ್ಟೇ.

ಈಗ ನಿಮ್ಮ ಪಾಲಿನ ಕೆಲಸ. ಘೋಷಣೆ ಕೂಗಿದ ಗಂಟಲಿಗೆ ವಿಶ್ರಾಂತಿ, ಕೈಗೆ ಕೆಲಸ!

ಒಂದು: ನಿಮ್ಮ ಊರಿನ ಅಂಧರ ಶಾಲೆಗೆ, ಹಳೇ ಪ್ರೆಸ್ಸಿಗೆ ಹೋಗಿ. ಫ್ಲಾಪಿ, ಸಿಡಿ, ಹಳೇ ಹಾರ್ಡ್ ಡಿಸ್ಕ್ ಗುಜರಿಗೆ ಹೋಗುವ ಮೊದಲು ನಕಲು ಮಾಡಿ. ಬೇಕಾದರೆ ಎಮ್ಯುಲೇಟರ್ ಹಾಕಿ ಫೈಲು ಹೊರಗೆ ತನ್ನಿ, ಯೂನಿಕೋಡಿಗೆ ತಿರುಗಿಸಿ, ಸಾದಾ ಪಠ್ಯವಾಗಿ ಇಡಿ.

ಎರಡು: ಅಲ್ಲಿಂದ ಮುಂದೆ ಬ್ರೈಲಿಗೆ ಲಿಬ್‌ಲೂಯಿ ಇದೆ. 2002ರಲ್ಲಿ ಇದನ್ನು ಶುರುಮಾಡಿದ ಜಾನ್ ಬಾಯರ್ ಅವರಿಗೆ ಕಣ್ಣೂ ಇರಲಿಲ್ಲ, ಕಿವಿಯೂ ಇರಲಿಲ್ಲ. ಆದರೂ ಜಗತ್ತಿಗೆ ಬಿಟ್ಟಿಯಾಗಿ ಕೊಟ್ಟರು. ಅದರಲ್ಲಿ ಕನ್ನಡದ ಕೋಷ್ಟಕವೂ ಇದೆ. ಕೋಷ್ಟಕ ಅಂದರೆ ಯಾವ ಅಕ್ಷರಕ್ಕೆ ಯಾವ ಚುಕ್ಕಿ ಎಂಬ ಪಟ್ಟಿ, ಯಾರು ಬೇಕಾದರೂ ತೆರೆದು ಓದಬಹುದು. ಎನ್‌ವಿಡಿಎ ಬ್ರೈಲ್ ತೋರಿಸುವುದೂ ಇದರಿಂದಲೇ. ನಿಮ್ಮಲ್ಲಿ ಕಂಪ್ಯೂಟರ್ ಓದಿದವರು ಎಷ್ಟೊಂದು ಜನ ಇದ್ದೀರಿ! ಬ್ರೈಲ್ ಬಲ್ಲ ಕನ್ನಡಿಗರ ಜೊತೆ ಕೂತು ಆ ಕೋಷ್ಟಕ ಪರೀಕ್ಷಿಸಿ. ತಪ್ಪಿದ್ದರೆ ತಿದ್ದಿ ಕಳಿಸಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಮೂರು: ಕೃತಿಸ್ವಾಮ್ಯದ ಭಯ ಬಿಡಿ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಗಿದೆ. ಅಂಗವಿಕಲರ ಓದಿಗಾಗಿ, ಲಾಭದ ಆಸೆಯಿಲ್ಲದೆ, ಅವರು ಓದಬಲ್ಲ ರೂಪಕ್ಕೆ ಪುಸ್ತಕವನ್ನು ತರುವುದು ಕಳ್ಳತನವಲ್ಲ. ಇದಕ್ಕೆಂದೇ 2013ರಲ್ಲಿ ಮರ‍್ರಾಕೆಶ್ ಒಪ್ಪಂದ ಆಯಿತು. 2014ರಲ್ಲಿ ಅದನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದೇ.

ನಾಲ್ಕು: ಪುಸ್ತಕ ಪ್ರಕಟಿಸುವವರನ್ನು, ಇಲಾಖೆಗಳನ್ನು, ಕನ್ನಡದ ಸಂಘಗಳನ್ನು ಕೇಳಿ. ಕಾಗದದ ಪುಸ್ತಕದ ಜೊತೆಗೆ ಯೂನಿಕೋಡ್ ಪಠ್ಯ ಎಲ್ಲಿ? ಅದೊಂದು ಇದ್ದರೆ ಬ್ರೈಲ್ ಅರ್ಧ ಆದಂತೆ. ನಾನು ನನ್ನ ಗಿರಾಕಿಗಳಿಗೆ ಪ್ರೂಫಿನ ಜೊತೆಗೇ ಯೂನಿಕೋಡ್ ಫೈಲು ಕೊಡುತ್ತಿದ್ದೇನೆ, ಹೆಚ್ಚಿನ ದುಡ್ಡು ಕೇಳುವುದಿಲ್ಲ. ಇಷ್ಟು ಕೆಲಸ ರಾರಾವಿಯಲ್ಲಿ ಆಗುತ್ತದೆ ಅಂದರೆ ಬೆಂಗಳೂರಿನಲ್ಲಿ ಆಗದೇ?

ಮಾಸ್ತರ ಫೈಲುಗಳು ಈಗ ಯೂನಿಕೋಡಿಗೆ ಬಂದಿವೆ. ಎರಡು ಪ್ರತಿ ಶಾಲೆಯಲ್ಲಿ, ಒಂದು ನನ್ನಲ್ಲಿ. ಅವರೇ ಎನ್‌ವಿಡಿಎ ಹಾಕಿಕೊಂಡು ಕಿವಿಯಲ್ಲಿ ಕೇಳುತ್ತಾ ತಿದ್ದುತ್ತಿದ್ದಾರೆ, ಕಳೆದುಹೋದ ಕಥೆಗಳನ್ನು ನೆನಪಿನಿಂದ ಮತ್ತೆ ಟೈಪು ಮಾಡುತ್ತಿದ್ದಾರೆ. ಪಕ್ಕದಲ್ಲಿ ಯಾರೂ ಕೂರಬೇಕಿಲ್ಲ. ನಿಮ್ಮಲ್ಲಿ ಯಾರಿಗಾದರೂ ಹಳೇ ಫ್ಲಾಪಿಯಿಂದ ಕೆಟ್ಟ ಜಾಗವನ್ನೂ ಓದಿಸುವ ಕೈಚಳಕ ಗೊತ್ತಿದ್ದರೆ ಸಭೆ ಮುಗಿದ ಮೇಲೆ ನನ್ನನ್ನು ಕಾಣಿ. ಓದದೆ ಉಳಿದ ಫ್ಲಾಪಿಗಳನ್ನು ಚೀಲದಲ್ಲೇ ತಂದಿದ್ದೇನೆ.